ಮಹಾಪಧಮನಿಯ ಉಬ್ಬಿನ ಎಂಡೋವ್ಯಾಸ್ಕುಲರ್ ದುರಸ್ತಿಯ ನಂತರ ರಕ್ತ ಹೆಪ್ಪುಗಟ್ಟುವಿಕೆಯ ತೊಡಕುಗಳು

ಮಹಾಪಧಮನಿಯ ಉಬ್ಬನ್ನು (ಅನ್ಯೂರಿಸಮ್) ಎಂಡೋವ್ಯಾಸ್ಕುಲರ್ ವಿಧಾನದಿಂದ, ಎಂದರೆ ಹೊಟ್ಟೆಯನ್ನು ತೆರೆಯದೆ ರಕ್ತನಾಳದ ಒಳಗಿನಿಂದಲೇ ದುರಸ್ತಿ ಮಾಡಿದ ಬಳಿಕ ರಕ್ತವು ಹೆಪ್ಪುಗಟ್ಟಬಾರದ ಕಡೆ ಹೆಪ್ಪುಗಟ್ಟುವುದರಿಂದ ಅಥವಾ ಹೆಪ್ಪುಗಟ್ಟಬೇಕಾದ ಕಡೆ ಹಾಗೆ ಆಗದಿರುವುದರಿಂದ ಹಲವು ತೊಡಕುಗಳು ತಲೆದೋರುತ್ತವೆ. ಅಳವಡಿಸಿದ ಕೃತಕ ನಾಳದ ಕವಲು ಮುಚ್ಚಿಹೋಗುವುದು, ಗರಣೆಯ ಚೂರುಗಳು ಕಾಲು, ಕರುಳು ಅಥವಾ ಮೂತ್ರಪಿಂಡಗಳಿಗೆ ಹೋಗಿ ಸಿಕ್ಕಿಕೊಳ್ಳುವುದು, ರಕ್ತದಲ್ಲಿರುವ ಹೆಪ್ಪುಗಟ್ಟಿಸುವ ಅಂಶಗಳು ಬರಿದಾಗುವುದು, ಹೆಪಾರಿನ್ ಔಷಧಕ್ಕೆ ದೇಹ ವಿಪರೀತವಾಗಿ ಪ್ರತಿಕ್ರಿಯಿಸುವುದು ಮತ್ತು ಉಬ್ಬಿನ ಚೀಲದೊಳಗೆ ರಕ್ತ ಹರಿಯುತ್ತಲೇ ಇರುವುದು ಇವುಗಳಲ್ಲಿ ಮುಖ್ಯವಾದವು. ಈ ದುರಸ್ತಿಯನ್ನು ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ‘ಈವಾರ್’ ಎಂದು ಕರೆಯುವುದು ರೂಢಿ. ಈ ಲೇಖನದಲ್ಲಿಯೂ ಅದೇ ಹೆಸರನ್ನು ಬಳಸಲಾಗಿದೆ.

ಹಿನ್ನೆಲೆ

ಹೃದಯದ ಎಡ ಹೃತ್ಕುಕ್ಷಿಯಿಂದ ಹೊರಟು ಎದೆ ಮತ್ತು ಹೊಟ್ಟೆಯ ಮೂಲಕ ಕೆಳಗಿಳಿಯುವ ಮಹಾಪಧಮನಿಯು ದೇಹದ ಅತಿ ದೊಡ್ಡ ಅಪಧಮನಿ. ಹೊಕ್ಕುಳಿನ ಮಟ್ಟದಲ್ಲಿ ಅದು ಎರಡು ಇಲಿಯಾಕ್ ಅಪಧಮನಿಗಳಾಗಿ ಕವಲೊಡೆದು ಎರಡು ಕಾಲುಗಳ ಕಡೆಗೆ ಸಾಗುತ್ತದೆ. ಹೊಟ್ಟೆಯ ಭಾಗದಲ್ಲಿ ಇದರ ಸಾಮಾನ್ಯ ವ್ಯಾಸ ಸುಮಾರು 2 ಸೆಂ.ಮೀ. ನಾಳದ ಗೋಡೆ ದುರ್ಬಲಗೊಂಡು ವ್ಯಾಸವು 3 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚಾದರೆ ಅದನ್ನು ಉಬ್ಬು ಎಂದು ಪರಿಗಣಿಸುತ್ತಾರೆ. ವಯಸ್ಸಾದ ಪುರುಷರಲ್ಲಿ, ಅದರಲ್ಲಿಯೂ ಧೂಮಪಾನಿಗಳಲ್ಲಿ ಇದು ಹೆಚ್ಚು. ಬಹುತೇಕ ಉಬ್ಬುಗಳು ಯಾವ ನೋವನ್ನೂ ಕೊಡದೆ ವರ್ಷಗಟ್ಟಲೆ ಬೆಳೆಯುತ್ತವೆ. ಬೇರೆ ಯಾವುದೋ ಕಾರಣಕ್ಕೆ ಮಾಡಿಸಿದ ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಅಕಸ್ಮಾತ್ತಾಗಿ ಕಣ್ಣಿಗೆ ಬೀಳುತ್ತವೆ. ಒಡೆದಾಗ ಮಾತ್ರ ಬಹುಪಾಲು ರೋಗಿಗಳು ಬದುಕುವುದಿಲ್ಲ. ಆದ್ದರಿಂದ ಪುರುಷರಲ್ಲಿ ಸುಮಾರು 5.5 ಸೆಂ.ಮೀ., ಮಹಿಳೆಯರಲ್ಲಿ ಸುಮಾರು 5 ಸೆಂ.ಮೀ. ದಾಟಿದ ಉಬ್ಬನ್ನು, ಒಡೆಯುವ ಮೊದಲೇ ದುರಸ್ತಿ ಮಾಡಲು ಸಲಹೆ ನೀಡುತ್ತಾರೆ.

1948ರಲ್ಲಿ ವಿಜ್ಞಾನಿ ಆಲ್ಬರ್ಟ್ ಐನ್‌ಸ್ಟೈನ್ ಅವರ ಹೊಟ್ಟೆಯಲ್ಲಿ ಇಂತಹ ಉಬ್ಬು ಕಂಡುಬಂದಾಗ ಅದನ್ನು ತೆಗೆದು ಬೇರೆ ನಾಳ ಜೋಡಿಸುವ ವಿಧಾನ ಇನ್ನೂ ಬಂದಿರಲಿಲ್ಲ. ಶಸ್ತ್ರವೈದ್ಯ ರುಡಾಲ್ಫ್ ನಿಸ್ಸೆನ್ ಅವರು ಉಬ್ಬಿನ ಸುತ್ತ ಸೆಲೋಫೇನ್ ಹಾಳೆ ಸುತ್ತಿ ಅದನ್ನು ಗಟ್ಟಿಗೊಳಿಸಿದರು. 1955ರ ಏಪ್ರಿಲ್‌ನಲ್ಲಿ ಉಬ್ಬು ಒಡೆದು ಐನ್‌ಸ್ಟೈನ್ ನಿಧನರಾದರು. ಮತ್ತೊಮ್ಮೆ ಶಸ್ತ್ರಚಿಕಿತ್ಸೆಗೆ ಅವರು ಒಪ್ಪಿರಲಿಲ್ಲ. ಈ ನಡುವೆ 1951ರಲ್ಲಿ ಪ್ಯಾರಿಸ್‌ನ ಚಾರ್ಲ್ಸ್ ದ್ಯುಬೋ ಅವರು ಹೊಟ್ಟೆಯ ಉಬ್ಬನ್ನು ತೆಗೆದು ಮೃತ ದಾನಿಯ ನಾಳವನ್ನು ಜೋಡಿಸಿದ್ದರು. ಅದೇ ದಶಕದಲ್ಲಿ ಅಮೆರಿಕದ ಮೈಕೆಲ್ ಡಿಬೇಕಿ ಅವರು ಡೇಕ್ರಾನ್ ಬಟ್ಟೆಯ ನಾಳಗಳನ್ನು ಬಳಕೆಗೆ ತಂದರು. ಇವೆಲ್ಲವೂ ಹೊಟ್ಟೆಯನ್ನು ಉದ್ದಕ್ಕೆ ಸೀಳಿ ಮಾಡುವ ತೆರೆದ ಶಸ್ತ್ರಚಿಕಿತ್ಸೆಗಳು.

ನಾಳದ ಒಳಗಿನಿಂದಲೇ ಗ್ರಾಫ್ಟ್ ಅಳವಡಿಸುವ ಕೆಲಸವನ್ನು 1987ರಲ್ಲಿ ಅಂದಿನ ಸೋವಿಯತ್ ಒಕ್ಕೂಟದ ಖಾರ್ಕಿವ್ ನಗರದಲ್ಲಿ ನಿಕೊಲಾಯ್ ವೊಲೊಡೊಸ್ ಅವರು ಎದೆಯ ಭಾಗದ ಮಹಾಪಧಮನಿಯಲ್ಲಿ ನೆರವೇರಿಸಿದರು. 1990ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಹುವಾನ್ ಪರೋಡಿ ಅವರು ಹೊಟ್ಟೆಯ ಉಬ್ಬಿಗೆ ಈ ವಿಧಾನವನ್ನು ಬಳಸಿ, ಮರುವರ್ಷ ಅದನ್ನು ಪ್ರಕಟಿಸಿದರು. ವೊಲೊಡೊಸ್ ಅವರ ಕೆಲಸ ಪಾಶ್ಚಾತ್ಯ ವೈದ್ಯಲೋಕದ ಗಮನಕ್ಕೆ ತಡವಾಗಿ ಬಂದುದರಿಂದ ಅನೇಕ ಪುಸ್ತಕಗಳು ಪರೋಡಿಯವರಿಂದಲೇ ಚರಿತ್ರೆಯನ್ನು ಆರಂಭಿಸುತ್ತವೆ. 1999ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಹೊಟ್ಟೆಯ ಉಬ್ಬಿಗಾಗಿ ಇಂತಹ ಸಾಧನಗಳಿಗೆ ಅನುಮತಿ ನೀಡಿತು.

ಈವಾರ್‌ನಲ್ಲಿ ತೊಡೆಸಂದಿನ ಅಪಧಮನಿಯ ಮೂಲಕ ಮಡಿಸಿದ ಸ್ಟೆಂಟ್-ಗ್ರಾಫ್ಟನ್ನು ಮೇಲಕ್ಕೆ ಸಾಗಿಸಿ, ಎಕ್ಸ್-ರೇ ಚಿತ್ರದ ನೆರವಿನಿಂದ ಉಬ್ಬಿನೊಳಗೆ ಬಿಡಿಸುತ್ತಾರೆ. ಸ್ಟೆಂಟ್-ಗ್ರಾಫ್ಟ್ ಎಂದರೆ ಪಾಲಿಯೆಸ್ಟರ್ ಅಥವಾ ಪಿಟಿಎಫ್ಇ ಬಟ್ಟೆಯ ಕೊಳವೆಗೆ ಲೋಹದ ಬಲೆಯ ಆಸರೆ ಕೊಟ್ಟ ಸಾಧನ. ಅದರ ಆಕಾರ ತಲೆಕೆಳಗಾದ ಇಂಗ್ಲಿಷ್ ‘ವೈ’ ಅಕ್ಷರದಂತಿದ್ದು, ಮುಖ್ಯ ಭಾಗವು ಮೂತ್ರಪಿಂಡದ ಅಪಧಮನಿಗಳ ಕೆಳಗೆ, ಎರಡು ಕವಲುಗಳು ಎರಡು ಇಲಿಯಾಕ್ ಅಪಧಮನಿಗಳಲ್ಲಿ ಕೂರುತ್ತವೆ. ಬ್ರಿಟನ್ನಿನಲ್ಲಿ ನಡೆದ ‘ಈವಾರ್ 1’ ಎಂಬ ಅಧ್ಯಯನದಲ್ಲಿ ಮೊದಲ 30 ದಿನಗಳ ಮರಣ ಪ್ರಮಾಣ ಈವಾರ್ ಪಡೆದವರಲ್ಲಿ 1.7%, ತೆರೆದ ಶಸ್ತ್ರಚಿಕಿತ್ಸೆ ಪಡೆದವರಲ್ಲಿ 4.7% ಇತ್ತು. ಆದರೆ ಹದಿನೈದು ವರ್ಷಗಳ ನಿಗಾದಲ್ಲಿ ಈ ಮೇಲುಗೈ ಉಳಿಯಲಿಲ್ಲ. ಎಂಟು ವರ್ಷಗಳ ನಂತರದ ಅವಧಿಯಲ್ಲಿ ತೆರೆದ ಶಸ್ತ್ರಚಿಕಿತ್ಸೆ ಪಡೆದವರ ಸ್ಥಿತಿಯೇ ಮೇಲಾಗಿತ್ತು. ಮರುಚಿಕಿತ್ಸೆಯ ಅಗತ್ಯವೂ ಈವಾರ್ ಪಡೆದವರಲ್ಲಿಯೇ ಹೆಚ್ಚು. ಮುಂದೆ ವಿವರಿಸುವ ತೊಡಕುಗಳಿಗೂ ಈ ಮರುಚಿಕಿತ್ಸೆಗಳಿಗೂ ನೇರ ಸಂಬಂಧವಿದೆ.

ಬೇಕಾದ ಹೆಪ್ಪು, ಬೇಡದ ಹೆಪ್ಪು

ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಉಬ್ಬಿನ ಚೀಲವನ್ನು ಸೀಳಿ, ಒಳಗಿನ ಹಳೆಯ ಗರಣೆಯನ್ನು ತೆಗೆದು, ಕೃತಕ ನಾಳವನ್ನು ಹೊಲಿಯುತ್ತಾರೆ. ಈವಾರ್‌ನಲ್ಲಿ ಹಾಗಿಲ್ಲ. ಚೀಲವು ಇದ್ದಲ್ಲಿಯೇ ಉಳಿಯುತ್ತದೆ. ಅದರ ನಡುವೆ ಹೊಸ ಕೊಳವೆ ಹಾದುಹೋಗುತ್ತದೆ. ಕೊಳವೆಯ ಹೊರಗೆ, ಚೀಲದ ಗೋಡೆಯ ಒಳಗೆ ಸಿಕ್ಕಿಬಿದ್ದ ರಕ್ತವು ಹೆಪ್ಪುಗಟ್ಟಿ ನಿಶ್ಚಲವಾಗಬೇಕು. ಆಗ ಚೀಲದ ಮೇಲಿನ ಒತ್ತಡ ಇಳಿದು, ತಿಂಗಳುಗಳು ಕಳೆದಂತೆ ಅದು ಕುಗ್ಗುತ್ತದೆ. ಅದೇ ವೇಳೆಗೆ ಕೊಳವೆಯ ಒಳಗೆ ಹರಿಯುವ ರಕ್ತ ಎಂದಿಗೂ ಹೆಪ್ಪುಗಟ್ಟಬಾರದು. ಒಂದು ಬಟ್ಟೆಯ ಪದರದ ಆಚೆ ಹೆಪ್ಪು ಬೇಕು, ಈಚೆ ಬೇಡ. ಎರಡೂ ಕಡೆ ಇರುವುದು ಒಂದೇ ರಕ್ತ. ಒಂದು ಕಡೆಗೆ ಅನುಕೂಲವಾದ ಔಷಧ ಇನ್ನೊಂದು ಕಡೆಗೆ ಪ್ರತಿಕೂಲವಾಗುವ ಸಾಧ್ಯತೆ ಇದ್ದೇ ಇದೆ. ಈವಾರ್ ನಂತರದ ಹೆಪ್ಪುಗಟ್ಟುವಿಕೆಯ ಪ್ರಶ್ನೆಗಳೆಲ್ಲ ಈ ವೈರುಧ್ಯದಿಂದ ಹುಟ್ಟುತ್ತವೆ.

ಹಾಲಿಗೆ ಹೆಪ್ಪು ಹಾಕುವ ಮಾತಿನಿಂದಲೇ ಕನ್ನಡದಲ್ಲಿ ರಕ್ತಕ್ಕೂ ‘ಹೆಪ್ಪುಗಟ್ಟುವಿಕೆ’ ಎಂಬ ಪದ ಬಂದಿದೆಯಾದರೂ ಎರಡೂ ಕ್ರಿಯೆಗಳು ಬೇರೆ ಬೇರೆ. ರಕ್ತದಲ್ಲಿ ಕಿರುತಟ್ಟೆಗಳು (ಪ್ಲೇಟ್‌ಲೆಟ್‌ಗಳು) ಮೊದಲು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬಳಿಕ ಹಲವು ಪ್ರೋಟೀನುಗಳು ಸರಪಳಿಯಂತೆ ಒಂದರ ನಂತರ ಒಂದು ಚುರುಕುಗೊಂಡು, ಕೊನೆಗೆ ಫೈಬ್ರಿನೋಜೆನ್ ಎಂಬ ಕರಗಿದ ಪ್ರೋಟೀನು ಫೈಬ್ರಿನ್ ಎಂಬ ನಾರಾಗಿ ಬಲೆ ಹೆಣೆಯುತ್ತದೆ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಕೋ ಅವರ ಹೆಸರಿನೊಂದಿಗೆ ಗುರುತಿಸಲಾಗುವ ಮೂರು ಕಾರಣಗಳು ಇಂದಿಗೂ ಪಾಠವಾಗಿ ಉಳಿದಿವೆ: ರಕ್ತದ ಹರಿವು ನಿಧಾನವಾಗುವುದು, ನಾಳದ ಒಳಪದರಕ್ಕೆ ಪೆಟ್ಟಾಗುವುದು, ರಕ್ತವೇ ಹೆಪ್ಪುಗಟ್ಟಲು ಸುಲಭವಾದ ಸ್ಥಿತಿಗೆ ಬರುವುದು. ಈವಾರ್‌ನಲ್ಲಿ ಈ ಮೂರೂ ಏಕಕಾಲಕ್ಕೆ ಕೂಡಿಬರುತ್ತವೆ. ತಂತಿ ಮತ್ತು ಕ್ಯಾಥೆಟರ್‌ಗಳು ನಾಳದ ಒಳಪದರವನ್ನು ತರಚುತ್ತವೆ, ದಪ್ಪ ಕೊಳವೆಗಳು ತೊಡೆಸಂದಿನಲ್ಲಿ ಇರುವಷ್ಟು ಹೊತ್ತು ಕಾಲಿನ ಹರಿವು ತಗ್ಗುತ್ತದೆ, ಪರವಸ್ತುವಿನ ಸ್ಪರ್ಶದಿಂದ ರಕ್ತ ಕೆರಳುತ್ತದೆ.

ಗ್ರಾಫ್ಟಿನ ಕವಲು ಮುಚ್ಚಿಹೋಗುವುದು

ಈವಾರ್ ನಂತರ ಮನೆಗೆ ಮರಳಿದ ರೋಗಿಯನ್ನು ತುರ್ತಾಗಿ ಆಸ್ಪತ್ರೆಗೆ ಕರೆತರುವ ಮುಖ್ಯ ಕಾರಣಗಳಲ್ಲಿ ಇದು ಒಂದು. ಬಗೆಬಗೆಯ ವರದಿಗಳಲ್ಲಿ ಇದರ ಪ್ರಮಾಣ ಬೇರೆ ಬೇರೆಯಾಗಿದ್ದು, ಸಾಮಾನ್ಯವಾಗಿ ನೂರು ರೋಗಿಗಳಲ್ಲಿ ಮೂರರಿಂದ ಏಳು ಮಂದಿಗೆ ಉಂಟಾಗುತ್ತದೆ ಎನ್ನಬಹುದು. ಹೆಚ್ಚಿನವು ಮೊದಲ ಕೆಲವು ತಿಂಗಳುಗಳಲ್ಲಿಯೇ ಸಂಭವಿಸುತ್ತವೆ.

ಕಾರಣ ಬಹುಮಟ್ಟಿಗೆ ಯಾಂತ್ರಿಕವಾದುದು. ವಯಸ್ಸಾದವರ ಇಲಿಯಾಕ್ ಅಪಧಮನಿಗಳು ಹೊಳೆಯ ತಿರುವುಗಳಂತೆ ಅಂಕುಡೊಂಕಾಗಿರುತ್ತವೆ. ಕೆಲವೆಡೆ ಸುಣ್ಣಗಟ್ಟಿ ಕಿರಿದಾಗಿರುತ್ತವೆ. ಬಾಗಲು ಒಪ್ಪದ ಗ್ರಾಫ್ಟ್ ಇಂತಹ ತಿರುವಿನಲ್ಲಿ ಮಡಿಕೆ ಬೀಳುತ್ತದೆ. ತೋಟಕ್ಕೆ ನೀರು ಬಿಡುವ ರಬ್ಬರ್ ಪೈಪು ಮಡಿಕೆ ಬಿದ್ದಾಗ ಏನಾಗುತ್ತದೆಯೋ ಅದೇ ಇಲ್ಲಿಯೂ ಆಗುತ್ತದೆ. ನಯವಾಗಿ ಹರಿಯುವ ದ್ರವದ ವಿಷಯದಲ್ಲಿ ಹರಿವು ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ ಎಂಬ ಭೌತಶಾಸ್ತ್ರದ ನಿಯಮವನ್ನು ಇಲ್ಲಿ ನೆನೆಯಬಹುದು. ಅದರಂತೆ ಉಳಿದೆಲ್ಲವೂ ಹಾಗೆಯೇ ಇದ್ದು ತ್ರಿಜ್ಯ ಅರ್ಧಕ್ಕೆ ಇಳಿದರೆ ಹರಿವು ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ರಕ್ತವು ಆದರ್ಶ ದ್ರವವಲ್ಲವಾದರೂ ಸ್ವಲ್ಪ ಕಿರಿದಾಗುವಿಕೆಯೂ ಏಕೆ ದೊಡ್ಡ ಪರಿಣಾಮ ಬೀರುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಮಹಾಪಧಮನಿಯ ಕೆಳತುದಿ ಕಿರಿದಾಗಿದ್ದು ಎರಡು ಕವಲುಗಳು ಅಲ್ಲಿ ಒತ್ತಿಕೊಂಡು ಕೂರುವುದು, ಗ್ರಾಫ್ಟಿನ ತುದಿಯನ್ನು ಇನ್ನೂ ಕೆಳಗಿನ ಸಣ್ಣ ನಾಳದವರೆಗೆ, ಅಂದರೆ ಬಾಹ್ಯ ಇಲಿಯಾಕ್ ಅಪಧಮನಿಯವರೆಗೆ, ಒಯ್ಯಬೇಕಾಗಿ ಬರುವುದು, ನಾಳಕ್ಕೆ ಹೋಲಿಸಿದರೆ ಗ್ರಾಫ್ಟ್ ಅತಿ ದೊಡ್ಡದಾಗಿ ಬಟ್ಟೆ ನೆರಿಗೆಗಟ್ಟುವುದು ಇವೂ ಅಪಾಯವನ್ನು ಹೆಚ್ಚಿಸುತ್ತವೆ. ಆರಂಭದ ಕಾಲದ ಕೆಲವು ಗ್ರಾಫ್ಟುಗಳ ಕವಲುಗಳಿಗೆ ಲೋಹದ ಆಸರೆಯೇ ಇರಲಿಲ್ಲ. ಅವು ಮಡಿಕೆ ಬೀಳುವುದು ಹೆಚ್ಚು ಎಂದು ಕಂಡುಬಂದ ಮೇಲೆ ತಯಾರಕರು ಪೂರ್ತಿ ಆಸರೆಯುಳ್ಳ, ಬಾಗುವ ಕವಲುಗಳತ್ತ ಹೊರಳಿದರು.

ರೋಗಲಕ್ಷಣಗಳು ಎರಡು ಬಗೆಯಲ್ಲಿ ಕಾಣಿಸಿಕೊಳ್ಳಬಹುದು. ನಿಧಾನವಾಗಿ ಮುಚ್ಚಿದರೆ, ನಡೆಯುವಾಗ ಪೃಷ್ಠ, ತೊಡೆ ಅಥವಾ ಮೀನಖಂಡದಲ್ಲಿ ಹಿಡಿದಂತಹ ನೋವು ಬಂದು ನಿಂತರೆ ಕಡಿಮೆಯಾಗುತ್ತದೆ. ಹಠಾತ್ತಾಗಿ ಮುಚ್ಚಿದರೆ ಕಾಲು ಬಿಳಿಚಿಕೊಳ್ಳುತ್ತದೆ, ತಣ್ಣಗಾಗುತ್ತದೆ, ತೀವ್ರ ನೋವು ಕಾಣಿಸುತ್ತದೆ, ನಾಡಿ ಸಿಗುವುದಿಲ್ಲ. ಬಳಿಕ ಜೋಮು ಹಿಡಿದು ಸ್ಪರ್ಶಜ್ಞಾನ ಹೋಗಿ, ಕೊನೆಗೆ ಬೆರಳು ಆಡಿಸಲೂ ಆಗದ ಸ್ಥಿತಿ ಬರುತ್ತದೆ. ರಕ್ತ ಪೂರ್ಣವಾಗಿ ನಿಂತ ಕಾಲಿನ ಸ್ನಾಯು ಮತ್ತು ನರಗಳು ಸುಮಾರು ಆರು ಗಂಟೆಗಳ ನಂತರ ಸರಿಪಡಿಸಲಾಗದಷ್ಟು ಹಾಳಾಗತೊಡಗುತ್ತವೆ. ತಡವಾದಷ್ಟೂ ಕಾಲನ್ನು ಕತ್ತರಿಸಬೇಕಾದ ಸಂಭವ ಹೆಚ್ಚು.

ಈವಾರ್ ಆಗಿ ಎರಡು ವಾರ ಅಥವಾ ಎರಡು ತಿಂಗಳಾದ ವೃದ್ಧರ ಕಾಲುನೋವನ್ನು ಮನೆಯವರು ವಾಯು ಎಂದೋ, ನರ ಹಿಡಿದಿದೆ ಎಂದೋ ತಿಳಿಯುವುದು ಸಹಜ. ಹೊಟ್ಟೆಗೆ ಮಾಡಿದ ಚಿಕಿತ್ಸೆಗೂ ಕಾಲಿಗೂ ಸಂಬಂಧವಿದೆ ಎಂದು ಅವರಿಗೆ ತೋರುವುದಿಲ್ಲ. ಎಣ್ಣೆ ತಿಕ್ಕಿ ಬಿಸಿನೀರಿನ ಶಾಖ ಕೊಡುವುದು ಅಂತಹ ಕಾಲಿಗೆ ಎರಡು ವಿಧದಲ್ಲಿ ಹಾನಿಕರ. ಜೋಮು ಹಿಡಿದ ಚರ್ಮಕ್ಕೆ ಸುಡುವುದು ತಿಳಿಯುವುದಿಲ್ಲ; ರಕ್ತವಿಲ್ಲದ ಅಂಗಾಂಶಕ್ಕೆ ಶಾಖವು ಆಮ್ಲಜನಕದ ಬೇಡಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಎರಡು ಪಾದಗಳನ್ನೂ ಮುಟ್ಟಿ ನೋಡಿ, ಒಂದು ಬೆಚ್ಚಗೆ ಇನ್ನೊಂದು ತಣ್ಣಗೆ ಇದ್ದರೆ, ಅಥವಾ ಒಂದರ ಬಣ್ಣ ಬಿಳಿಚಿದ್ದರೆ, ರಕ್ತನಾಳ ಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಹೊರಡಬೇಕು. ಜಿಲ್ಲೆಯ ಊರಿನಿಂದ ದೊಡ್ಡ ನಗರಕ್ಕೆ ನಾಲ್ಕೈದು ಗಂಟೆಗಳ ಹಾದಿಯಿರುವಲ್ಲಿ, ಬೆಳಗಾಗಲಿ ಎಂದು ಕಾಯುವುದಕ್ಕೆ ಅವಕಾಶವೇ ಇರುವುದಿಲ್ಲ.

ಚಿಕಿತ್ಸೆಯಲ್ಲಿ ಮೊದಲು ಹೆಪಾರಿನ್ ಕೊಟ್ಟು ಗರಣೆ ಬೆಳೆಯದಂತೆ ತಡೆಯುತ್ತಾರೆ. ಅಮೆರಿಕದ ಥಾಮಸ್ ಫೊಗಾರ್ಟಿ ಅವರು 1960ರ ದಶಕದ ಆರಂಭದಲ್ಲಿ ರೂಪಿಸಿದ ಬಲೂನು ಕ್ಯಾಥೆಟರನ್ನು ಗರಣೆಯ ಆಚೆಗೆ ತೂರಿಸಿ, ಬಲೂನನ್ನು ಉಬ್ಬಿಸಿ ಎಳೆದರೆ ಗರಣೆ ಹೊರಬರುತ್ತದೆ. ಅಂಗಕ್ಕೆ ಇನ್ನೂ ಸ್ವಲ್ಪ ಕಾಲಾವಕಾಶವಿದ್ದಾಗ ಆಲ್ಟಿಪ್ಲೇಸ್‌ನಂತಹ ಗರಣೆ ಕರಗಿಸುವ ಔಷಧವನ್ನು ಕ್ಯಾಥೆಟರ್ ಮೂಲಕ ನಿಧಾನವಾಗಿ ಹರಿಸುವುದೂ ಉಂಟು. ಆದರೆ ಗರಣೆಯನ್ನು ತೆಗೆದಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ಮೂಲ ಕಾರಣವಾದ ಮಡಿಕೆಯನ್ನು ಒಳಗೆ ಇನ್ನೊಂದು ಸ್ಟೆಂಟ್ ಇಟ್ಟು ನೆಟ್ಟಗೆ ಮಾಡದಿದ್ದರೆ ಕವಲು ಮತ್ತೆ ಮುಚ್ಚುತ್ತದೆ. ಮುಚ್ಚಿದ ಕವಲನ್ನು ತೆರೆಯಲಾಗದಿದ್ದರೆ, ಆರೋಗ್ಯವಾಗಿರುವ ಕಾಲಿನ ತೊಡೆಯ ಅಪಧಮನಿಯಿಂದ ಇನ್ನೊಂದು ತೊಡೆಗೆ ಚರ್ಮದಡಿಯಲ್ಲಿ ಕೃತಕ ನಾಳ ಜೋಡಿಸಿ ರಕ್ತ ಒದಗಿಸುತ್ತಾರೆ.

ಗ್ರಾಫ್ಟಿನ ಒಳಗೋಡೆಗೆ ತೆಳುವಾಗಿ ಅಂಟಿಕೊಳ್ಳುವ ಗರಣೆ ಬೇರೆಯೇ ಸಂಗತಿ. ನಿಗಾ ಸಿ.ಟಿ. ಸ್ಕ್ಯಾನ್‌ಗಳಲ್ಲಿ ಇದು ಆಗಾಗ ಕಾಣುತ್ತದೆ, ಕೆಲವೊಮ್ಮೆ ತಾನಾಗಿಯೇ ಮಾಯವಾಗುತ್ತದೆ. ಹರಿವಿಗೆ ಅಡ್ಡಿಯಾಗದಿದ್ದರೆ ಬಹುಮಟ್ಟಿಗೆ ಗಮನಿಸುತ್ತ ಇರುವುದೇ ಸಾಕಾಗುತ್ತದೆ.

ಚೂರುಗಳು ದೂರದ ನಾಳಗಳಲ್ಲಿ ಸಿಕ್ಕಿಕೊಳ್ಳುವುದು

ಬಹುಪಾಲು ಉಬ್ಬುಗಳ ಒಳಗೋಡೆಗೆ ಮೊದಲೇ ಹಳೆಯ ಗರಣೆ ಪದರಪದರವಾಗಿ ಮೆತ್ತಿಕೊಂಡಿರುತ್ತದೆ. ಅದರೊಂದಿಗೆ ಕೊಲೆಸ್ಟರಾಲ್ ತುಂಬಿದ ಕೊಬ್ಬಿನ ದಡ್ಡುಗಳೂ ಇರುತ್ತವೆ. ತಂತಿ, ಕ್ಯಾಥೆಟರ್, ಬಲೂನುಗಳು ಇದರ ನಡುವೆ ಹಾಯುವಾಗ ಚೂರುಗಳು ಕಳಚಿ ರಕ್ತದೊಂದಿಗೆ ಕೆಳಕ್ಕೆ ಸಾಗುತ್ತವೆ. ದೊಡ್ಡ ಚೂರು ದೊಡ್ಡ ನಾಳವನ್ನೇ ಮುಚ್ಚುತ್ತದೆ, ಅದನ್ನು ಹೊರಗೆಳೆಯಬಹುದು. ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಮಾತ್ರ ಬೆರಳ ತುದಿಯ ನಾಳಗಳಲ್ಲಿ ಹೋಗಿ ಕೂರುತ್ತವೆ. ಪಾದದ ನಾಡಿ ಚೆನ್ನಾಗಿಯೇ ಸಿಗುತ್ತಿರುತ್ತದೆ, ಆದರೆ ಕಾಲ್ಬೆರಳುಗಳು ನೀಲಿಗಟ್ಟಿ ನೋಯುತ್ತವೆ, ಚರ್ಮದ ಮೇಲೆ ಬಲೆಯಂತಹ ಕಲೆಗಳು ಮೂಡುತ್ತವೆ. ಇದಕ್ಕೆ ಶಸ್ತ್ರಚಿಕಿತ್ಸೆಯ ಪರಿಹಾರವಿಲ್ಲ ಎಂಬುದೇ ಇದರ ಕಷ್ಟ. ಮೂತ್ರಪಿಂಡಗಳಿಗೆ ಇಂತಹ ಹರಳುಗಳು ಹೋದರೆ ಅವುಗಳ ಕಾರ್ಯ ವಾರಗಟ್ಟಲೆ ಕುಂದುತ್ತ ಹೋಗಬಹುದು. ಚಿತ್ರಣಕ್ಕಾಗಿ ಬಳಸುವ ಅಯೋಡಿನ್‌ಯುಕ್ತ ದ್ರವದಿಂದಲೂ ಮೂತ್ರಪಿಂಡಗಳಿಗೆ ಹಾನಿಯಾಗಬಹುದಾದ್ದರಿಂದ ಯಾವುದರ ಪರಿಣಾಮ ಎಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ.

ದೊಡ್ಡ ಕರುಳಿನ ವಿಷಯ ಇನ್ನಷ್ಟು ಗಂಭೀರ. ಅದರ ಎಡಭಾಗಕ್ಕೆ ರಕ್ತ ಒಯ್ಯುವ ಕೆಳ ಮೆಸೆಂಟೆರಿಕ್ ಅಪಧಮನಿಯ ಬಾಯಿ ಉಬ್ಬಿನ ಭಾಗದಲ್ಲಿಯೇ ಇರುವುದರಿಂದ ಗ್ರಾಫ್ಟ್ ಅದನ್ನು ಮುಚ್ಚಲೇಬೇಕಾಗುತ್ತದೆ. ಮೇಲಿನಿಂದಲೂ ಸೊಂಟದ ಒಳ ಇಲಿಯಾಕ್ ಅಪಧಮನಿಗಳಿಂದಲೂ ಬರುವ ಬಳಸುದಾರಿಗಳು ಕರುಳನ್ನು ಸಾಮಾನ್ಯವಾಗಿ ಕಾಪಾಡುತ್ತವೆ. ಆ ದಾರಿಗಳೂ ಮುಚ್ಚಿದ್ದರೆ ಅಥವಾ ಚೂರುಗಳಿಂದ ತುಂಬಿಹೋದರೆ ಕರುಳು ಸಾಯುತ್ತದೆ. ಚಿಕಿತ್ಸೆಯ ಮೊದಲ ದಿನಗಳಲ್ಲಿಯೇ ರಕ್ತಮಿಶ್ರಿತ ಭೇದಿ, ಹೊಟ್ಟೆನೋವು, ಜ್ವರ ಕಾಣಿಸಿದರೆ ಕೊಲೊನೋಸ್ಕೋಪಿ ಪರೀಕ್ಷೆಗೆ ತಡಮಾಡುವುದಿಲ್ಲ. ಒಳ ಇಲಿಯಾಕ್ ಅಪಧಮನಿಯನ್ನು ಬೇಕೆಂದೇ ಮುಚ್ಚಬೇಕಾಗಿ ಬಂದವರಲ್ಲಿ ಹಲವರಿಗೆ ನಡೆಯುವಾಗ ಪೃಷ್ಠದಲ್ಲಿ ನೋವು ಬರುತ್ತದೆ.

ಹೆಪ್ಪುಗಟ್ಟಿಸುವ ಅಂಶಗಳು ಬರಿದಾಗುವುದು

ಮಲೆನಾಡು, ಬಯಲುಸೀಮೆಗಳೆರಡರ ಜನರಿಗೂ ಕೊಳಕು ಮಂಡಲ ಹಾವಿನ ಕಡಿತದ ಅನುಭವವುಂಟು. ಅದರ ವಿಷವು ರಕ್ತದ ಹೆಪ್ಪುಗಟ್ಟುವ ಸರಪಳಿಯನ್ನು ಇಡೀ ದೇಹದಲ್ಲಿ ಒಮ್ಮೆಲೇ ಚುರುಕುಗೊಳಿಸಿ, ಫೈಬ್ರಿನೋಜೆನ್ ಮೊದಲಾದ ಅಂಶಗಳನ್ನು ಖರ್ಚುಮಾಡಿಬಿಡುತ್ತದೆ. ಆಮೇಲೆ ಗಾಜಿನ ಕೊಳವೆಯಲ್ಲಿ ಇಪ್ಪತ್ತು ನಿಮಿಷ ಇಟ್ಟರೂ ರಕ್ತ ಹೆಪ್ಪುಗಟ್ಟುವುದಿಲ್ಲ. ವಸಡು, ಮೂತ್ರಗಳಲ್ಲಿ ರಕ್ತ ಸುರಿಯುತ್ತದೆ. ಅತಿಯಾಗಿ ಹೆಪ್ಪುಗಟ್ಟುವುದರ ಕೊನೆ ಹೆಪ್ಪುಗಟ್ಟದಿರುವುದು ಎಂಬ ಈ ವಿಚಿತ್ರ ಸ್ಥಿತಿ ಬೇರೆ ಕಾರಣದಿಂದ, ಬಹಳ ಸೌಮ್ಯ ರೂಪದಲ್ಲಿ, ಮಹಾಪಧಮನಿಯ ದೊಡ್ಡ ಉಬ್ಬುಗಳಲ್ಲಿಯೂ ಇರಬಹುದು. ಉಬ್ಬಿನ ಗೋಡೆಯ ಮೇಲೆ ಗರಣೆ ಸದಾ ಕಟ್ಟುತ್ತ, ಕರಗುತ್ತ ಇರುವುದರಿಂದ ಕಿರುತಟ್ಟೆಗಳೂ ಫೈಬ್ರಿನೋಜೆನ್ನೂ ಖರ್ಚಾಗುತ್ತಿರುತ್ತವೆ.

ಈವಾರ್ ಆದ ಕೂಡಲೇ ಚೀಲದಲ್ಲಿ ಸಿಕ್ಕಿಬಿದ್ದ ರಕ್ತ ಒಮ್ಮೆಗೇ ಹೆಪ್ಪುಗಟ್ಟುವುದರಿಂದ ಈ ಖರ್ಚು ಕೆಲವು ದಿನಗಳ ಮಟ್ಟಿಗೆ ಏರುತ್ತದೆ. ಕಿರುತಟ್ಟೆಗಳ ಸಂಖ್ಯೆ ಇಳಿಯುತ್ತದೆ. ಫೈಬ್ರಿನ್ ಕರಗಿದಾಗ ಉಳಿಯುವ ಡಿ-ಡೈಮರ್ ಎಂಬ ತುಣುಕುಗಳು ರಕ್ತದಲ್ಲಿ ಹೆಚ್ಚುತ್ತವೆ. ಹೆಚ್ಚಿನವರಲ್ಲಿ ಇದು ಪ್ರಯೋಗಾಲಯದ ವರದಿಯಲ್ಲಷ್ಟೇ ಕಾಣುವ, ತಾನಾಗಿಯೇ ಸರಿಹೋಗುವ ಬದಲಾವಣೆ. ಅಪರೂಪಕ್ಕೆ ಮಾತ್ರ ‘ಡಿಐಸಿ’ ಎಂದು ಕರೆಯುವ ವ್ಯಾಪಕ ಅಸ್ವಸ್ಥತೆಯಾಗಿ ಬೆಳೆದು, ಸೂಜಿ ಚುಚ್ಚಿದ ಜಾಗ, ಗಾಯ, ಮೂಗುಗಳಿಂದ ರಕ್ತಸ್ರಾವವಾಗುತ್ತದೆ. ಆಗ ಕಿರುತಟ್ಟೆಗಳು ಕಡಿಮೆ, ಫೈಬ್ರಿನೋಜೆನ್ ಕಡಿಮೆ, ಹೆಪ್ಪುಗಟ್ಟುವ ಸಮಯ ದೀರ್ಘ, ಡಿ-ಡೈಮರ್ ಅತಿ ಹೆಚ್ಚು ಎಂಬ ನಾಲ್ಕು ಸಂಗತಿಗಳು ಒಟ್ಟಿಗೆ ಕಾಣುತ್ತವೆ. ಪ್ಲಾಸ್ಮಾ, ಕ್ರಯೋಪ್ರೆಸಿಪಿಟೇಟ್, ಕಿರುತಟ್ಟೆಗಳನ್ನು ಕೊಟ್ಟು ರೋಗಿಯನ್ನು ಉಳಿಸಿಕೊಳ್ಳಬೇಕಾಗುತ್ತದೆ. ಚೀಲದೊಳಗೆ ಸೋರಿಕೆ ಮುಂದುವರಿದು ಹೊಸ ರಕ್ತ ನುಗ್ಗುತ್ತಲೇ ಇದ್ದರೆ ಅದನ್ನು ಮುಚ್ಚುವುದೇ ನಿಜವಾದ ಚಿಕಿತ್ಸೆ.

ಇದರೊಂದಿಗೆ ಬೆರೆತು ಗೊಂದಲ ಉಂಟುಮಾಡುವ ಇನ್ನೊಂದು ಸ್ಥಿತಿಯಿದೆ. ಗ್ರಾಫ್ಟ್ ಅಳವಡಿಸಿದ ಒಂದೆರಡು ದಿನಗಳಲ್ಲಿ ಯಾವ ಸೋಂಕೂ ಇಲ್ಲದೆ ಜ್ವರ ಬರುತ್ತದೆ, ಬಿಳಿ ರಕ್ತಕಣಗಳೂ ಸಿ-ರಿಯಾಕ್ಟಿವ್ ಪ್ರೋಟೀನೂ ಏರುತ್ತವೆ. ಅಳವಡಿಕೆಯ ನಂತರದ ಈ ಉರಿಯೂತ ಪಾಲಿಯೆಸ್ಟರ್ ಗ್ರಾಫ್ಟುಗಳಲ್ಲಿ ಪಿಟಿಎಫ್ಇ ಗ್ರಾಫ್ಟುಗಳಿಗಿಂತ ಹೆಚ್ಚು. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ.

ಹೆಪಾರಿನ್ ಮತ್ತು ಅದರಿಂದಲೇ ಬರುವ ಹೆಪ್ಪು

1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಜೇ ಮೆಕ್ಲೀನ್, ವಿಲಿಯಂ ಹೋವೆಲ್ ಅವರ ಪ್ರಯೋಗಾಲಯದಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕುತ್ತ, ಅದಕ್ಕೆ ವಿರುದ್ಧವಾದುದನ್ನು ಕಂಡುಕೊಂಡರು. ಯಕೃತ್ತಿನ ಗ್ರೀಕ್ ಹೆಸರಿನಿಂದ ಹೆಪಾರಿನ್ ಎಂಬ ಹೆಸರು ಬಂತು. ಈವಾರ್ ನಡೆಯುವಾಗ ರೋಗಿಯ ತೂಕಕ್ಕೆ ತಕ್ಕಂತೆ, ಸಾಮಾನ್ಯವಾಗಿ ಕಿಲೋಗ್ರಾಂಗೆ 100 ಘಟಕಗಳಷ್ಟು ಹೆಪಾರಿನ್ ಕೊಟ್ಟು, ‘ಎಸಿಟಿ’ ಎಂಬ ಪರೀಕ್ಷೆಯಿಂದ ರಕ್ತ ಹೆಪ್ಪುಗಟ್ಟುವ ಕಾಲವನ್ನು ಅಳೆಯುತ್ತಿರುತ್ತಾರೆ. ಕೊನೆಯಲ್ಲಿ ಅಗತ್ಯವಿದ್ದರೆ ಪ್ರೊಟಮೈನ್ ಎಂಬ ಪ್ರತ್ಯೌಷಧದಿಂದ ಅದರ ಪರಿಣಾಮವನ್ನು ತಗ್ಗಿಸುತ್ತಾರೆ.

ಕೆಲವೇ ರೋಗಿಗಳಲ್ಲಿ ದೇಹವು ಹೆಪಾರಿನ್ ಹಾಗೂ ಕಿರುತಟ್ಟೆಗಳ ಒಂದು ಪ್ರೋಟೀನು ಸೇರಿದ ಸಂಯುಕ್ತದ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಆ ಪ್ರತಿಕಾಯಗಳು ಕಿರುತಟ್ಟೆಗಳನ್ನು ಕೆರಳಿಸಿ ಒಂದಕ್ಕೊಂದು ಅಂಟಿಸುತ್ತವೆ. ಹೆಪ್ಪು ತಡೆಯಲು ಕೊಟ್ಟ ಔಷಧವೇ ಹೆಪ್ಪಿಗೆ ಕಾರಣವಾಗುತ್ತದೆ. ಹೆಪಾರಿನ್ ಆರಂಭಿಸಿದ ಐದರಿಂದ ಹತ್ತನೆಯ ದಿನದ ನಡುವೆ ಕಿರುತಟ್ಟೆಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯುವುದು ಇದರ ಮುಖ್ಯ ಸುಳಿವು. ಹಿಂದಿನ ಮೂರು ತಿಂಗಳೊಳಗೆ ಹೆಪಾರಿನ್ ಪಡೆದಿದ್ದವರಲ್ಲಿ ಮೊದಲ ದಿನವೇ ಇಳಿಯಬಹುದು. ಈವಾರ್ ಆದ ರೋಗಿ ಐದನೆಯ ದಿನದ ಹೊತ್ತಿಗೆ ಮನೆಯಲ್ಲಿರುವುದರಿಂದ ಈ ಇಳಿಕೆ ಕಣ್ಣಿಗೆ ಬೀಳದೆ ಹೋಗುವ ಅಪಾಯವಿದೆ. ಮೊದಲ ದಿನಗಳ ಸಾಮಾನ್ಯ ಇಳಿಕೆಯಿಂದ ಇದನ್ನು ಬೇರ್ಪಡಿಸಲು ದಿನಗಳ ಲೆಕ್ಕವೇ ಹೆಚ್ಚು ನೆರವಾಗುತ್ತದೆ: ಅದು ಕೂಡಲೇ ಇಳಿದು ಮೇಲೇರುತ್ತದೆ, ಇದು ಮೇಲೇರಿದ ಮೇಲೆ ಮತ್ತೆ ಕುಸಿಯುತ್ತದೆ. ಸಂಶಯ ಬಂದ ಕೂಡಲೇ ಎಲ್ಲ ಬಗೆಯ ಹೆಪಾರಿನ್ನನ್ನೂ ನಿಲ್ಲಿಸಿ ಅರ್ಗಟ್ರೋಬಾನ್, ಬೈವಾಲಿರುಡಿನ್, ಫೊಂಡಪರಿನಕ್ಸ್‌ನಂತಹ ಬೇರೆ ಔಷಧಕ್ಕೆ ಬದಲಾಯಿಸಬೇಕು. ಕಾಲಿನ ಕವಲು ಯಾವ ಮಡಿಕೆಯೂ ಇಲ್ಲದೆ ಮುಚ್ಚಿದ್ದರೆ ಈ ಸಾಧ್ಯತೆಯನ್ನು ಮನಸ್ಸಿನಲ್ಲಿಟ್ಟು ನೋಡುವುದು ಒಳ್ಳೆಯದು.

ಕಾಲಿನ ಆಳದ ಅಭಿಧಮನಿಗಳಲ್ಲಿ ಗರಣೆ ಕಟ್ಟಿ ಶ್ವಾಸಕೋಶಕ್ಕೆ ಹೋಗುವ ಅಪಾಯ ಎಲ್ಲ ದೊಡ್ಡ ಚಿಕಿತ್ಸೆಗಳಲ್ಲಿಯೂ ಇದ್ದಂತೆ ಇಲ್ಲಿಯೂ ಇದೆ. ರೋಗಿ ಬೇಗ ಎದ್ದು ಓಡಾಡುವುದೇ ಇದಕ್ಕೆ ಮೊದಲ ತಡೆ. ಅಪಧಮನಿ ಮುಚ್ಚಿದ ಕಾಲು ಬಿಳಿಚಿ ತಣ್ಣಗಾದರೆ, ಅಭಿಧಮನಿ ಮುಚ್ಚಿದ ಕಾಲು ಊದಿಕೊಂಡು ಬೆಚ್ಚಗಿರುತ್ತದೆ.

ಚೀಲದಲ್ಲಿ ಹೆಪ್ಪುಗಟ್ಟದಿರುವುದು

ಗ್ರಾಫ್ಟಿನ ಹೊರಗೆ, ಚೀಲದೊಳಗೆ ರಕ್ತ ಹರಿಯುತ್ತಲೇ ಇರುವುದನ್ನು ಎಂಡೋಲೀಕ್ ಅಥವಾ ಒಳಸೋರಿಕೆ ಎನ್ನುತ್ತಾರೆ. ಗ್ರಾಫ್ಟಿನ ತುದಿಗಳು ನಾಳಕ್ಕೆ ಸರಿಯಾಗಿ ಅಂಟದಿದ್ದರೆ ಮೊದಲ ಬಗೆಯದು, ಗ್ರಾಫ್ಟಿನ ಭಾಗಗಳು ಕಳಚಿದರೆ ಅಥವಾ ಬಟ್ಟೆ ಹರಿದರೆ ಮೂರನೆಯ ಬಗೆಯದು. ಇವೆರಡರಲ್ಲಿ ಮಹಾಪಧಮನಿಯ ಪೂರ್ಣ ಒತ್ತಡವೇ ಚೀಲದ ಮೇಲೆ ಬೀಳುವುದರಿಂದ ಕೂಡಲೇ ಸರಿಪಡಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಎರಡನೆಯ ಬಗೆಯಲ್ಲಿ ಬೆನ್ನುಹುರಿಯ ಪಕ್ಕದ ಲಂಬಾರ್ ಅಪಧಮನಿಗಳು ಅಥವಾ ಕೆಳ ಮೆಸೆಂಟೆರಿಕ್ ಅಪಧಮನಿಯು ರಕ್ತವನ್ನು ಹಿಮ್ಮುಖವಾಗಿ ಚೀಲಕ್ಕೆ ತರುತ್ತವೆ. ಇದರಲ್ಲಿ ಬಹಳಷ್ಟು ಕೆಲವು ತಿಂಗಳಲ್ಲಿ ತಾನಾಗಿಯೇ ಹೆಪ್ಪುಗಟ್ಟಿ ಮುಚ್ಚುತ್ತದೆ. ಚೀಲ ಬೆಳೆಯುತ್ತಿದ್ದರೆ ಮಾತ್ರ ಆ ನಾಳಗಳನ್ನು ಸುರುಳಿತಂತಿ ಅಥವಾ ಅಂಟುದ್ರವದಿಂದ ಮುಚ್ಚುತ್ತಾರೆ. ಬಟ್ಟೆಯ ರಂಧ್ರಗಳಿಂದ ಜಿನುಗುವ ನಾಲ್ಕನೆಯ ಬಗೆ ಇಂದಿನ ಗ್ರಾಫ್ಟುಗಳಲ್ಲಿ ಅಪರೂಪ. ಸೋರಿಕೆ ಕಾಣದೆಯೇ ಚೀಲ ಹಿಗ್ಗುವುದನ್ನು ಐದನೆಯ ಬಗೆ ಎಂದು ಸೇರಿಸಲಾಗಿದೆ. ಹೆಪ್ಪುಗಟ್ಟಿದ ಗರಣೆಯ ಮೂಲಕವೂ ಒತ್ತಡ ದಾಟಬಲ್ಲುದು ಎಂಬುದಕ್ಕೆ ಇದು ನಿದರ್ಶನ.

ಔಷಧಗಳ ಆಯ್ಕೆ

ಈವಾರ್ ಆದ ಬಹುತೇಕರಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಅಥವಾ ಅಂತಹುದೇ ಕಿರುತಟ್ಟೆ ನಿರೋಧಕವನ್ನೂ ಕೊಲೆಸ್ಟರಾಲ್ ತಗ್ಗಿಸುವ ಸ್ಟ್ಯಾಟಿನ್ನನ್ನೂ ಜೀವನಪರ್ಯಂತ ಕೊಡುತ್ತಾರೆ. ಕವಲು ಮುಚ್ಚಿಹೋಗುವುದನ್ನು ತಡೆಯುವುದಕ್ಕಷ್ಟೇ ಅಲ್ಲ, ಇಂತಹ ರೋಗಿಗಳಲ್ಲಿ ಹೃದಯಾಘಾತದ ಸಂಭವವೂ ಹೆಚ್ಚಿರುವುದರಿಂದ ಇವು ಅಗತ್ಯ. ವಾರ್ಫರಿನ್‌ನಂತಹ ಪ್ರಬಲ ಹೆಪ್ಪುನಿರೋಧಕದ ವಿಷಯ ಬೇರೆ. ಅದನ್ನು ಸೇವಿಸುವವರಲ್ಲಿ ಎರಡನೆಯ ಬಗೆಯ ಸೋರಿಕೆ ಬೇಗ ಮುಚ್ಚುವುದಿಲ್ಲ, ಚೀಲ ಕುಗ್ಗುವುದು ನಿಧಾನ ಎಂದು ಹಲವು ಅಧ್ಯಯನಗಳು ತೋರಿಸಿವೆ. ವ್ಯತ್ಯಾಸ ಕಾಣದ ಅಧ್ಯಯನಗಳೂ ಇವೆ. ಆದರೂ ಹೃದಯದ ಲಯ ತಪ್ಪಿದವರಿಗೆ ಅಥವಾ ಕೃತಕ ಹೃದಯ ಕವಾಟ ಇರುವವರಿಗೆ ಈ ಔಷಧವನ್ನು ನಿಲ್ಲಿಸಿದರೆ ಪಾರ್ಶ್ವವಾಯುವಿನ ಅಪಾಯ ಎದುರಾಗುತ್ತದೆ. ಅಂತಹವರಲ್ಲಿ ಔಷಧವನ್ನು ಮುಂದುವರಿಸಿ ಚೀಲದ ಅಳತೆಯ ಮೇಲೆ ಹೆಚ್ಚು ನಿಗಾ ಇಡುವುದೇ ವಾಡಿಕೆ. ಸೋರಿಕೆ ಇದೆಯೆಂಬ ವರದಿಯನ್ನು ಓದಿ ರೋಗಿಯೇ ಮಾತ್ರೆ ಬಿಡುವುದು, ಅಥವಾ ಹಲ್ಲು ಕೀಳಿಸುವ ಸಂದರ್ಭದಲ್ಲಿ ರಕ್ತನಾಳ ವೈದ್ಯರನ್ನು ಕೇಳದೆ ಆಸ್ಪಿರಿನ್ ನಿಲ್ಲಿಸುವುದು ಕವಲು ಮುಚ್ಚಲು ಕಾರಣವಾಗಬಹುದು. ಬೀಡಿ, ಸಿಗರೇಟು ಮುಂದುವರಿಸಿದರೆ ಮಾತ್ರೆಗಳ ಪ್ರಯೋಜನ ಬಹುಪಾಲು ವ್ಯರ್ಥವಾಗುತ್ತದೆ.

ಎದೆಯ ಭಾಗದ ಮತ್ತು ಕವಲುಳ್ಳ ಗ್ರಾಫ್ಟುಗಳಲ್ಲಿ

ಎದೆಯ ಮಹಾಪಧಮನಿಯಲ್ಲಿ ಇದೇ ವಿಧಾನವನ್ನು ಅನುಸರಿಸಿದಾಗ ಚೂರುಗಳು ಮಿದುಳಿಗೆ ಹೋಗಿ ಪಾರ್ಶ್ವವಾಯು ಉಂಟಾಗಬಹುದು. ಬೆನ್ನುಹುರಿಗೆ ರಕ್ತ ಒದಗಿಸುವ ಸಣ್ಣ ಅಪಧಮನಿಗಳನ್ನು ಗ್ರಾಫ್ಟ್ ಮುಚ್ಚುವುದರಿಂದ ಎರಡು ಕಾಲುಗಳೂ ಶಕ್ತಿ ಕಳೆದುಕೊಳ್ಳುವ ಅಪಾಯವೂ ಇದೆ; ರಕ್ತದೊತ್ತಡವನ್ನು ಮೇಲ್ಮಟ್ಟದಲ್ಲಿರಿಸುವುದು, ಬೆನ್ನುಹುರಿಯ ದ್ರವವನ್ನು ಸ್ವಲ್ಪ ಹೊರತೆಗೆಯುವುದು ಇದಕ್ಕೆ ಅನುಸರಿಸುವ ಕ್ರಮಗಳು. ಮೂತ್ರಪಿಂಡ ಮತ್ತು ಕರುಳಿನ ಅಪಧಮನಿಗಳಿಗಾಗಿ ಕಿಂಡಿ ಅಥವಾ ಕವಲುಗಳನ್ನು ಇಟ್ಟ ಗ್ರಾಫ್ಟುಗಳಲ್ಲಿ ಆ ಸಣ್ಣ ಸ್ಟೆಂಟುಗಳು ಸದ್ದಿಲ್ಲದೆ ಮುಚ್ಚಬಹುದು. ಒಂದು ಮೂತ್ರಪಿಂಡ ನಷ್ಟವಾದರೂ ರೋಗಿಗೆ ತಿಳಿಯದೆ ಇರುವುದುಂಟು.

ನಿಗಾ

ಚಿಕಿತ್ಸೆಯ ಸುಮಾರು ಒಂದು ತಿಂಗಳ ನಂತರ ಬಣ್ಣದ್ರವ ಕೊಟ್ಟು ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ. ಬಳಿಕ ಒಂದು ವರ್ಷಕ್ಕೆ, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಪರೀಕ್ಷೆ. ಮೊದಲ ಸ್ಕ್ಯಾನ್ ಸಮಾಧಾನಕರವಾಗಿದ್ದರೆ ಮುಂದಿನವುಗಳನ್ನು ಡ್ಯುಪ್ಲೆಕ್ಸ್ ಅಲ್ಟ್ರಾಸೌಂಡ್‌ನಿಂದಲೂ ಮಾಡಬಹುದು. ಇದರಲ್ಲಿ ವಿಕಿರಣವಿಲ್ಲ, ಮೂತ್ರಪಿಂಡಕ್ಕೆ ಹೊರೆಯಿಲ್ಲ, ಖರ್ಚೂ ಕಡಿಮೆ. ಪ್ರತಿ ಭೇಟಿಯಲ್ಲಿ ಎರಡು ತೊಡೆಸಂದುಗಳ ಮತ್ತು ಪಾದಗಳ ನಾಡಿ ನೋಡುವುದು, ಕಣಕಾಲು ಮತ್ತು ತೋಳಿನ ರಕ್ತದೊತ್ತಡಗಳನ್ನು ಹೋಲಿಸುವುದು ಸುಲಭವಾದ ಪರೀಕ್ಷೆಗಳು. ಹಿಂದಿನ ಭೇಟಿಗಿಂತ ಈ ಅನುಪಾತ ಇಳಿದಿದ್ದರೆ ಕವಲು ಕಿರಿದಾಗುತ್ತಿರುವುದು ಮುಚ್ಚುವ ಮೊದಲೇ ತಿಳಿಯಬಹುದು. ಗ್ರಾಫ್ಟಿನ ಹೆಸರು, ಅಳತೆ, ಅಳವಡಿಸಿದ ದಿನಾಂಕ ಇರುವ ಚೀಟಿಯನ್ನು ರೋಗಿಯೂ ಮನೆಯವರೂ ಇಟ್ಟುಕೊಂಡಿದ್ದರೆ, ಬೇರೆ ಊರಿನ ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸೆ ಬೇಕಾದಾಗ ವೈದ್ಯರಿಗೆ ಅದು ನೇರವಾಗಿ ಉಪಯೋಗಕ್ಕೆ ಬರುತ್ತದೆ.